ಸಾಕು, ಎದ್ದು ಹೋಗು ಎಂದ ಆಟ

ಸಂಜೆ ಏಳೂವರೆ ಆಗಿರುತ್ತದೆ. ಒಳಗಿನಿಂದ ಅವ್ವ ಕೂಗುತ್ತಾಳೆ, "ಊಟಕ್ಕೆ ಬಾರೋ, ಸಾಕು ಆ ಫೋನು." ಜಗಲಿ ಮೇಲೆ ಕೂತವನು ತಲೆ ಎತ್ತದೆ "ಬಂದೆ ಅವ್ವ, ಇದೊಂದು ಮ್ಯಾಚ್" ಅನ್ನುತ್ತಾನೆ. ಆ ಒಂದು ಮ್ಯಾಚ್ ಮುಗಿಯುವಷ್ಟರಲ್ಲಿ ಸಾರು ಆರಿ ತಣ್ಣಗಾಗಿರುತ್ತದೆ. ನಮ್ಮ ಮನೆಯಲ್ಲಿ ಇದು ದಿನದ ಮಾತು. ನಿಮ್ಮ ಮನೆಯಲ್ಲೂ ಇದ್ದೀತು.

ಇದೇ ಮಾತು ಕೇಳಿಸುವ ಒಂದು ವಿಡಿಯೋ ಗೇಮ್ ಇದೆ. 1997ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಬಂದದ್ದು. ಅದರಲ್ಲೂ ಒಬ್ಬ ಹುಡುಗ ರಾತ್ರಿ ಟಿವಿ ಮುಂದೆ ಕೂತು ಗೇಮ್ ಆಡುತ್ತಿರುತ್ತಾನೆ. ಅವನ ತಾಯಿಯೂ ಆಡಿದ್ದು ಸಾಕು, ಮಲಗು ಅನ್ನುತ್ತಾಳೆ. ಹುಡುಗ ಆಫ್ ಮಾಡುತ್ತಾನೆ. ಆದರೆ ಟಿವಿ ತಾನಾಗಿಯೇ ಮತ್ತೆ ಹತ್ತಿಕೊಂಡು ಹುಡುಗನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಆ ಗೇಮ್‌ನ ಹೆಸರು 'ಮೂನ್', ಅಂದರೆ ಚಂದ್ರ. ಮಾಡಿದ ಕಂಪನಿಯ ಹೆಸರು 'ಲವ್-ಡಿ-ಲಿಕ್'. 1995ರಲ್ಲಿ ಶುರುವಾದ ಈ ಕಂಪನಿ 2000ಕ್ಕೆ ಮುಚ್ಚಿತು. ಐದು ವರ್ಷದಲ್ಲಿ ಮಾಡಿದ್ದು ಮೂರೇ ಆಟ.

ಎಲ್ಲೋ ಜಪಾನಿನಲ್ಲಿ ಇಪ್ಪತ್ತೈದು ವರ್ಷದ ಹಿಂದೆ ಮುಚ್ಚಿದ ಕಂಪನಿಯ ಕಥೆ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲಿ ಗೇಮ್ ಬಗ್ಗೆ ಇರುವುದು ಎರಡೇ ಮಾತು. ದೊಡ್ಡವರು 'ಹಾಳು ಗೇಮು' ಅನ್ನುತ್ತಾರೆ. ಹುಡುಗರು 'ಬರೀ ಟೈಂಪಾಸ್' ಅನ್ನುತ್ತಾರೆ. ಈ ಆಟ ನಮ್ಮಿಂದ ಏನು ಮಾಡಿಸುತ್ತದೆ, ಆಡಿದ ಮೇಲೆ ನಮ್ಮನ್ನು ಬಿಡುತ್ತದೆಯೇ ಎಂದು ಇಬ್ಬರೂ ಕೇಳುವುದಿಲ್ಲ. ನನ್ನ ಪ್ರಕಾರ ಕೇಳಬೇಕಾದದ್ದು ಅದೇ. ಅದನ್ನು ನನಗೆ ಕಲಿಸಿದ್ದು ಈ ಮುಚ್ಚಿದ ಕಂಪನಿ.

ದೊಡ್ಡ ಕಂಪನಿ ಬಿಟ್ಟು ಬಂದವರು

ಆಗ ಜಪಾನಿನಲ್ಲಿ 'ಸ್ಕ್ವೇರ್' ಅಂತ ಒಂದು ದೊಡ್ಡ ಗೇಮ್ ಕಂಪನಿ ಇತ್ತು. 'ಫೈನಲ್ ಫ್ಯಾಂಟಸಿ' ಹೆಸರಿನ ಆಟಗಳ ಸಾಲನ್ನು ಮಾಡಿದವರು ಅವರೇ. ಅಲ್ಲಿ ಕೆಲಸ ಮಾಡುತ್ತಿದ್ದ ಕೆಲವರು ಹೊರಗೆ ಬಂದು ಲವ್-ಡಿ-ಲಿಕ್ ಕಟ್ಟಿದರು. ಅವರಲ್ಲಿ ಕೆನಿಚಿ ನಿಶಿ, ತಾರೋ ಕುಡೊ, ಯೋಶಿರೊ ಕಿಮುರಾ ಮುಖ್ಯರು. ನಿಶಿ ಅವರು ಸ್ಕ್ವೇರ್‌ನಲ್ಲಿದ್ದಾಗ 1995ರಲ್ಲಿ ಬಂದ 'ಕ್ರೋನೋ ಟ್ರಿಗರ್' ಎಂಬ ಹೆಸರಾಂತ ಆಟಕ್ಕೆ ಕೆಲಸ ಮಾಡಿದ್ದರು. ಒಟ್ಟಿನಲ್ಲಿ ಇವರು ಕಸುಬು ಗೊತ್ತಿಲ್ಲದ ಹೊಸಬರಲ್ಲ. ದೊಡ್ಡ ಆಟ ಹೇಗೆ ಕಟ್ಟುತ್ತಾರೆಂದು ಒಳಗಿದ್ದು ನೋಡಿದವರು.

ಅವರು ಕಟ್ಟುತ್ತಿದ್ದ ಬಗೆಯ ಆಟಕ್ಕೆ ಆರ್‌ಪಿಜಿ ಅನ್ನುತ್ತಾರೆ. ಆಡುವವನೇ ಕಥೆಯ ವೀರ. ಊರೂರು ತಿರುಗಿ ದಾರಿಯಲ್ಲಿ ಸಿಕ್ಕ ಪ್ರಾಣಿ, ರಾಕ್ಷಸರನ್ನು ಕೊಲ್ಲಬೇಕು. ಕೊಂದಷ್ಟೂ ಪಾಯಿಂಟು, ಪಾಯಿಂಟು ಕೂಡಿದರೆ ಲೆವೆಲ್ ಏರಿಕೆ. ದುಡ್ಡು ಸಿಗುತ್ತದೆ, ದುಡ್ಡಿಗೆ ಹೊಸ ಕತ್ತಿ ಬರುತ್ತದೆ. ಕೊನೆಗೆ ಒಂದು ದೊಡ್ಡ ರಾಕ್ಷಸನನ್ನು ಕೊಂದರೆ ಲೋಕ ಉಳಿಯಿತು ಅಂತ ಅರ್ಥ.

ಈ ಬಗೆಯ ಆಟ ಜಪಾನಿನಲ್ಲಿ ಎಷ್ಟು ಓಡುತ್ತಿತ್ತು ಅಂದರೆ, 1997ರ ಜನವರಿಯಲ್ಲಿ ಬಂದ 'ಫೈನಲ್ ಫ್ಯಾಂಟಸಿ 7' ಮುಂದೆ ಲೋಕದಾದ್ಯಂತ ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಅದೇ ವರ್ಷ, ಅದೇ ಪ್ಲೇಸ್ಟೇಷನ್‌ಗೆ, ಅದೇ ಕಂಪನಿಯಿಂದ ಹೊರಗೆ ಬಂದವರು 'ಮೂನ್' ತಂದರು. ತಂದು, ತಾವು ಇಷ್ಟು ದಿನ ಕಟ್ಟುತ್ತಿದ್ದ ಆಟವನ್ನೇ ತಿರುಗಿಸಿ ನೋಡಿದರು.

ವೀರ ಬಂದರೆ ಊರಿಗೆ ತಲೆನೋವು

'ಮೂನ್' ಶುರುವಿನಲ್ಲಿ ಮಾಮೂಲಿ ಆಟದ ಹಾಗೇ ಇರುತ್ತದೆ. ನಮ್ಮಲ್ಲಿ ರಾಹು ಚಂದ್ರನನ್ನು ನುಂಗುವ ಕಥೆ ಇದೆಯಲ್ಲ, ಹಾಗೆ ಅಲ್ಲಿ ಚಂದ್ರನ ಬೆಳಕು ನುಂಗಿದ ಒಂದು ಡ್ರ್ಯಾಗನ್. ಅದನ್ನು ಕೊಲ್ಲಲು ಹೊರಟ ಒಬ್ಬ ವೀರ. ಟಿವಿ ಮುಂದೆ ಕೂತ ಹುಡುಗ ಆಡುತ್ತಿರುವುದು ಇದನ್ನೇ.

ಟಿವಿ ಅವನನ್ನು ಒಳಗೆ ಎಳೆದುಕೊಂಡ ಮೇಲೆ ಹುಡುಗ ಅದೇ ಲೋಕಕ್ಕೆ ಬೀಳುತ್ತಾನೆ. ಆದರೆ ವೀರನಾಗಿ ಅಲ್ಲ, ಯಾರ ಕಣ್ಣಿಗೂ ಕಾಣದವನಾಗಿ. ಕಣ್ಣು ಮಂಜಾದ ಒಬ್ಬ ಅಜ್ಜಿ ಅವನನ್ನು ಸತ್ತುಹೋದ ತನ್ನ ಮೊಮ್ಮಗ ಅಂದುಕೊಂಡು ಮನೆಗೆ ಸೇರಿಸುತ್ತಾಳೆ, ಮೊಮ್ಮಗನ ಬಟ್ಟೆ ಕೊಡುತ್ತಾಳೆ. ಆ ಬಟ್ಟೆಯಿಂದಲೇ ಅವನು ಊರಿನವರ ಕಣ್ಣಿಗೆ ಬೀಳುತ್ತಾನೆ.

ಆಗ ಹುಡುಗನಿಗೆ ಗೊತ್ತಾಗುವುದು, ತಾನು ಟಿವಿಯಲ್ಲಿ ನಡೆಸುತ್ತಿದ್ದ ವೀರ ಒಳಗಿನವರಿಗೆ ಹೇಗೆ ಕಾಣುತ್ತಾನೆ ಅಂತ. ವೀರ ಹೇಳದೆ ಕೇಳದೆ ಮನೆಯೊಳಗೆ ನುಗ್ಗಿ ಕಪಾಟು ಜಾಲಾಡುತ್ತಾನೆ. ತನ್ನ ಪಾಡಿಗೆ ತಾನಿದ್ದ ಪ್ರಾಣಿಗಳನ್ನು ಕಡಿದು ಹಾಕುತ್ತಾನೆ. ಅವನಿಗೆ ಪಾಯಿಂಟು, ಊರಿಗೆ ತಲೆನೋವು. ಟಿವಿ ಮುಂದೆ ಕೂತಾಗ 'ರಾಕ್ಷಸ' ಅಂತ ಕಂಡದ್ದು ಇಲ್ಲಿ ಹುಲ್ಲಿನ ಮೇಲೆ ಬಿದ್ದಿರುವ ಒಂದು ಸಾಧು ಜೀವಿ.

ಹುಡುಗನ ಕೆಲಸ ವೀರನ ಹಿಂದೆ ಹೋಗುವುದು. ಸತ್ತ ಪ್ರಾಣಿ ಬಿದ್ದ ಜಾಗ ಹುಡುಕಬೇಕು. ಅದರ ಆತ್ಮ ಯಾವ ಹೊತ್ತಿಗೆ, ಯಾವ ರೀತಿ ಕಾಣಿಸಿಕೊಳ್ಳುತ್ತದೆಂದು ಕಾದು ನೋಡಬೇಕು. ನೋಡಿ ಹಿಡಿದರೆ ಆ ಜೀವಕ್ಕೆ ಬಿಡುಗಡೆ, ಹುಡುಗನಿಗೆ ಸ್ವಲ್ಪ 'ಪ್ರೀತಿ'. ಅವನ ಲೆವೆಲ್ ಏರುವುದು ಈ ಪ್ರೀತಿಯಿಂದ. ಕತ್ತಿ ಅವನಿಗೆ ಇಲ್ಲವೇ ಇಲ್ಲ.

ಪ್ರೀತಿ ಊರಿನವರಿಂದಲೂ ಸಿಗುತ್ತದೆ. ಆದರೆ ಸುಮ್ಮನೆ ಸಿಗುವುದಿಲ್ಲ. ಆ ಲೋಕಕ್ಕೆ ಅದರದೇ ವಾರಗಳಿವೆ, ಹಗಲು ರಾತ್ರಿ ಇದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಒಂದೊಂದು ಕಡೆ ಇರುತ್ತಾರೆ. ಹಗಲು ಮಾತಾಡದವನು ರಾತ್ರಿ ಬೇರೆ ಮನುಷ್ಯ. ಯಾರಿಗೆ ಏನು ಕೊರಗು, ಯಾರು ಏನು ಮುಚ್ಚಿಟ್ಟಿದ್ದಾರೆ ಅಂತ ಗಮನಿಸಿದವನಿಗೇ ಮುಂದಿನ ದಾರಿ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಊರಿಗೆ ಹೊಸಬರಾಗಿ ಬಂದ ಮೇಷ್ಟ್ರು, ನರ್ಸಮ್ಮ ಮೊದಲ ಆರು ತಿಂಗಳು ಮಾಡುವುದು ಇದನ್ನೇ ಅಲ್ಲವೇ?

ಆ ಪ್ರಾಣಿಗಳನ್ನು ಕಂಪನಿಯವರು ಮಣ್ಣಿನ ಗೊಂಬೆಗಳಾಗಿ ಮಾಡಿ, ಫೋಟೋ ತೆಗೆದು ಆಟಕ್ಕೆ ಸೇರಿಸಿದ್ದರು. ಅವುಗಳ ರೂಪ ಬರೆದವರು ಕಜುಯುಕಿ ಕುರಾಶಿಮಾ. ಕೊಲ್ಲುವುದಕ್ಕೆಂದೇ ಮಾಡಿದ ಬೊಂಬೆಗೆ ಯಾರೂ ಅಷ್ಟು ಮುತುವರ್ಜಿ ವಹಿಸುವುದಿಲ್ಲ.

ಸುಸ್ತಾಗುವ ಆಟಗಾರ

ಈ ಆಟದಲ್ಲಿ ನನಗೆ ತುಂಬಾ ಹಿಡಿಸಿದ ನಿಯಮ ಒಂದಿದೆ. ಹುಡುಗನಿಗೆ ಸುಸ್ತಾಗುತ್ತದೆ. ಶುರುವಿನಲ್ಲಿ ಅವನು ಸ್ವಲ್ಪ ಹೊತ್ತಷ್ಟೇ ಓಡಾಡಬಲ್ಲ. ಅಷ್ಟರೊಳಗೆ ಮನೆಗೆ ಹೋಗಿ ಮಲಗದಿದ್ದರೆ ಬಿದ್ದುಹೋಗುತ್ತಾನೆ, ಆಟ ಮುಗಿಯುತ್ತದೆ. ಪ್ರೀತಿ ಕೂಡಿದಂತೆಲ್ಲ ಹೆಚ್ಚು ಹೊತ್ತು ಎದ್ದಿರಬಲ್ಲ. ಎಷ್ಟು ಏರಿದರೂ ಮಲಗದೆ ಮಾತ್ರ ಗತಿಯಿಲ್ಲ.

ಈಗ ಜಗಲಿಯ ಮೇಲೆ ನಡೆಯುವ ಆಟವನ್ನು ಇದರ ಪಕ್ಕ ಇಟ್ಟು ನೋಡಿ. ನಮ್ಮ ಫೋನಿನ ಎಷ್ಟೋ ಆಟಗಳು ದಿನಾ ಬಂದರೆ ಬಹುಮಾನ ಕೊಡುತ್ತವೆ, ಒಂದು ದಿನ ತಪ್ಪಿದರೆ ಲೆಕ್ಕ ಮೊದಲಿಂದ ಶುರು. ಇನ್ನೆರಡು ಗಂಟೆಯಲ್ಲಿ ಮುಗಿಯುವ ಆಫರ್ ಇರುತ್ತದೆ. 'ನಿನ್ನ ಗೆಳೆಯ ಆನ್‌ಲೈನ್ ಇದ್ದಾನೆ' ಅಂತ ನೋಟಿಫಿಕೇಶನ್ ಬರುತ್ತದೆ. ಸೋತರೆ ತಕ್ಷಣ ಇನ್ನೊಂದು ಮ್ಯಾಚ್ ಸಿದ್ಧ. ಮಲಗು ಅಂತ ಯಾವುದೂ ಹೇಳುವುದಿಲ್ಲ.

ಇದಕ್ಕೆ ಕಾರಣ ಮಾಡಿದವರ ಒಳ್ಳೆಯತನ, ಕೆಟ್ಟತನ ಮಾತ್ರ ಅಲ್ಲ. ದುಡ್ಡು ಬರುವ ದಾರಿಯೇ ಬೇರೆ. 'ಮೂನ್' ಒಂದು ಸಿಡಿಯಲ್ಲಿ ಮಾರಾಟವಾದ ಆಟ. ಅಂಗಡಿಯಲ್ಲಿ ಒಮ್ಮೆ ದುಡ್ಡು ಕೊಟ್ಟರೆ ವ್ಯವಹಾರ ಮುಗಿಯಿತು. ನೀವು ಹತ್ತು ಗಂಟೆ ಆಡಿದರೂ ನೂರು ಗಂಟೆ ಆಡಿದರೂ ಕಂಪನಿಗೆ ಒಂದೇ. ಹಾಗಾಗಿ 'ಸಾಕು' ಅನ್ನುವುದಕ್ಕೆ ಅವರಿಗೆ ನಷ್ಟವಿರಲಿಲ್ಲ. ಫ್ರೀ ಆಟದ ಲೆಕ್ಕ ತಿರುವುಮುರುವು. ನೀವು ಎಷ್ಟು ಹೊತ್ತು ಒಳಗಿರುತ್ತೀರೋ ಅಷ್ಟು ಜಾಹೀರಾತು, ಅಷ್ಟು ಖರೀದಿ. ಅಲ್ಲಿ ನಿಮ್ಮ ಹೊತ್ತೇ ಬೆಲೆ. ಬಿಟ್ಟಿ ಅಂತ ತಂದ ಹಸು ಹಿತ್ತಲನ್ನೆಲ್ಲ ಮೇಯ್ದ ಹಾಗೆ.

ಆಟದ ಕೊನೆ

ಕೊನೆ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದನ್ನು ಹೇಳದೆ ಈ ಕಂಪನಿಯ ಬಗ್ಗೆ ಹೇಳಿದಂತಾಗುವುದಿಲ್ಲ.

ಹುಡುಗ ಕೊನೆಗೆ ರಾಕೆಟ್ ಹತ್ತಿ ಚಂದ್ರನಿಗೆ ಹೋಗುತ್ತಾನೆ. ಅಲ್ಲಿ ಒಂದು ಬಾಗಿಲು. ಅದು ತೆರೆಯಬೇಕು. ಇಷ್ಟು ದಿನ ಕೂಡಿಟ್ಟ ಪ್ರೀತಿಯೆಲ್ಲ ಇದ್ದರೂ ಬಾಗಿಲು ತೆರೆಯುವುದಿಲ್ಲ. ವೀರ ಅಲ್ಲಿಗೂ ಬಂದು ಕತ್ತಿ ಬೀಸುತ್ತಾನೆ. ಎಲ್ಲ ಮುಗಿದುಹೋಗುತ್ತದೆ. ಹುಡುಗ ಮತ್ತೆ ತನ್ನ ಕೋಣೆಯಲ್ಲಿ, ಟಿವಿ ಮುಂದೆ. ಪರದೆಯ ಮೇಲೆ ಎಲ್ಲ ಗೇಮ್‌ಗಳೂ ಕೇಳುವ ಅದೇ ಮಾಮೂಲಿ ಪ್ರಶ್ನೆ, ಮುಂದುವರಿಸಬೇಕೇ?

'ಹೌದು' ಒತ್ತಿದರೆ ಮತ್ತೆ ಆಟದೊಳಗೆ. 'ಬೇಡ' ಒತ್ತಿದರೆ ಹುಡುಗ ಎದ್ದು ತನ್ನ ಕೋಣೆಯ ಬಾಗಿಲು ತೆರೆದು ಹೊರಗೆ ಹೋಗುತ್ತಾನೆ. ತೆರೆಯಬೇಕಾಗಿದ್ದ ಬಾಗಿಲು ಅದೇ. ಆಟ ನಿಜವಾಗಿ ಮುಗಿಯುವುದು ಆಗಲೇ.

ಗೇಮ್ ಆಡುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ. ಸೋತಾಗ 'ಮುಂದುವರಿಸು' ಒತ್ತುವುದು ನಮ್ಮ ಬೆರಳಿಗೆ ರೂಢಿಯಾಗಿಬಿಟ್ಟಿದೆ. ಆ ರೂಢಿಯನ್ನು ಬಿಟ್ಟವನಿಗೇ ಗೆಲುವು ಅಂತ ಒಂದು ಆಟವೇ ಹೇಳಿತು.

ಉಳಿದ ಎರಡು ಆಟ

ಎರಡನೆಯದು 1999ರಲ್ಲಿ ಬಂತು, ಹೆಸರು 'ಯುಎಫ್‌ಒ: ಎ ಡೇ ಇನ್ ದಿ ಲೈಫ್'. ಬೇರೆ ಗ್ರಹದಿಂದ ಬಂದವರು ಒಂದು ವಠಾರದಲ್ಲಿ ಕಣ್ಣಿಗೆ ಕಾಣದಂತೆ ಸಿಕ್ಕಿಬಿದ್ದಿದ್ದಾರೆ. ಅನ್ಯಗ್ರಹದವರು ಅಂದರೆ ಗುಂಡು ಹೊಡೆಯುವುದು ಬೇರೆ ಆಟಗಳ ಪದ್ಧತಿ. ಇಲ್ಲಿ ಆಟಗಾರನ ಕೈಯಲ್ಲಿರುವುದು ಕ್ಯಾಮೆರಾ. ಯಾವ ಮನೆಯಲ್ಲಿ ಯಾವ ಹೊತ್ತಿಗೆ ಏನು ಅಲುಗಾಡಿತು ಅಂತ ನೋಡಿ, ಸರಿಯಾದ ಕ್ಷಣಕ್ಕೆ ಫೋಟೋ ಹೊಡೆದರೆ ಅವರನ್ನು ಪಾರು ಮಾಡಿದಂತೆ.

ಮೂರನೆಯದು 2000ದ ನವೆಂಬರ್‌ನಲ್ಲಿ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್‌ಗೆ ಬಂದ 'ಎಲ್.ಒ.ಎಲ್.: ಲ್ಯಾಕ್ ಆಫ್ ಲವ್'. ಇದರಲ್ಲಿ ಆಟಗಾರ ಒಂದು ಪುಟ್ಟ ಹುಳುವಿನಂಥ ಜೀವಿ. ಮಾತುಕತೆ ಇಲ್ಲ. ಸುತ್ತಲಿನ ಬೇರೆ ಜೀವಿಗಳಿಗೆ ನೆರವಾಗುತ್ತಾ ಹೋದರೆ ತಾನೂ ಬೆಳೆದು ರೂಪ ಬದಲಿಸುತ್ತದೆ. ಅಷ್ಟರಲ್ಲಿ ಮನುಷ್ಯರು ಆ ನೆಲವನ್ನು ತಮ್ಮದಾಗಿಸಿಕೊಳ್ಳಲು ಬರುತ್ತಾರೆ. ಈ ಆಟಕ್ಕೆ ಸಂಗೀತ ಕೊಟ್ಟವರು ರ್ಯುಯಿಚಿ ಸಕಾಮೊಟೊ. 'ದಿ ಲಾಸ್ಟ್ ಎಂಪರರ್' ಸಿನಿಮಾದ ಸಂಗೀತಕ್ಕೆ ಮತ್ತಿಬ್ಬರ ಜೊತೆ ಆಸ್ಕರ್ ಪಡೆದವರು, 2023ರಲ್ಲಿ ತೀರಿಕೊಂಡರು. ಅಂಥವರು ಇಷ್ಟು ಚಿಕ್ಕ ಕಂಪನಿಯ ಆಟಕ್ಕೆ ಕೈಜೋಡಿಸಿದ್ದರು.

ಆದರೆ ಹೊತ್ತು ಸರಿಯಿರಲಿಲ್ಲ. ಆಟ ಬಂದ ಮೂರೇ ತಿಂಗಳಿಗೆ, 2001ರ ಜನವರಿ ಕೊನೆಯಲ್ಲಿ, ಡ್ರೀಮ್‌ಕಾಸ್ಟ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸೆಗಾ ಹೇಳಿತು. ಅಷ್ಟರಲ್ಲಿ ಲವ್-ಡಿ-ಲಿಕ್ ಕೂಡ ಬಾಗಿಲು ಹಾಕಿತ್ತು. ಮೂರೂ ಆಟಗಳು ಆಗ ಬಂದದ್ದು ಜಪಾನಿನಲ್ಲಿ ಮಾತ್ರ, ಜಪಾನಿ ಭಾಷೆಯವರಿಗೆ ಮಾತ್ರ.

ಮುಚ್ಚಿದ್ದು ಕಂಪನಿ, ಕೆಲಸ ಅಲ್ಲ

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಕಂಪನಿ ಮುಚ್ಚಿದ ಮೇಲೆ ಅದರ ಜನ ಚದುರಿದರು. ಊರಿನ ಮಗ್ಗ ನಿಂತಾಗ ನೇಕಾರರು ಬೇರೆ ಊರಿಗೆ ಹೋದರೂ ಕೈಯ ಹದ ಜೊತೆಗೇ ಹೋಗುತ್ತದಲ್ಲ, ಹಾಗಾಯಿತು. ನಿಶಿ 'ಸ್ಕಿಪ್' ಎಂಬ ಕಂಪನಿ ಕಟ್ಟಿದರು. ಅಲ್ಲಿಂದ 2005ರಲ್ಲಿ 'ಚಿಬಿ-ರೋಬೊ' ಬಂತು. ಗೇಣುದ್ದಕ್ಕೂ ಇಲ್ಲದ ಒಂದು ರೋಬೋಟ್ ಒಂದು ಮನೆಯ ಕಲೆ ಒರೆಸಿ, ಕಸ ಹೆಕ್ಕಿ, ಮನಸ್ತಾಪವಿರುವ ಸಂಸಾರದವರ ಮುಖದಲ್ಲಿ ನಗು ತರುವ ಆಟ. ಚಾರ್ಜ್ ಕಡಿಮೆಯಾದರೆ ಅದು ಹೋಗಿ ತನ್ನ ಪ್ಲಗ್ ಸಿಕ್ಕಿಸಿಕೊಳ್ಳಬೇಕು. 'ಮೂನ್' ಹುಡುಗ ಮಲಗಬೇಕಾದ ನಿಯಮ ಇಲ್ಲಿ ಹೀಗೆ ಬಂದಿದೆ. ಕುಡೊ 'ವ್ಯಾನ್‌ಪೂಲ್' ಕಡೆಗೆ ಹೋದರು, ಕಿಮುರಾ 'ಪಂಚ್‌ಲೈನ್' ಕಡೆಗೆ.

ಇನ್ನೊಂದು ಕಡೆ, 'ಮೂನ್' ಆಡಿದವರು ಅದನ್ನು ಮರೆಯಲಿಲ್ಲ. ಮಾತು ಜಪಾನಿನಿಂದ ಹೊರಗೂ ಹರಡಿತು. 2015ರಲ್ಲಿ ಅಮೆರಿಕದ ಟೋಬಿ ಫಾಕ್ಸ್ 'ಅಂಡರ್‌ಟೇಲ್' ಎಂಬ ಆಟ ಮಾಡಿದರು. ಅದರಲ್ಲಿ ಎದುರಾದ ಯಾವ ರಾಕ್ಷಸನನ್ನೂ ಕೊಲ್ಲದೆ ಆಟ ಮುಗಿಸಬಹುದು. ಅದು ಲೋಕದಾದ್ಯಂತ ಹೆಸರು ಮಾಡಿತು. ತನಗೆ ಸ್ಫೂರ್ತಿಯಾದವುಗಳಲ್ಲಿ 'ಮೂನ್' ಕೂಡ ಒಂದು ಎಂದು ಫಾಕ್ಸ್ ಹೇಳಿದ್ದಾರೆ.

ಕೊನೆಗೆ ಕಿಮುರಾ ಅವರೇ, ತಮ್ಮ 'ಆನಿಯನ್ ಗೇಮ್ಸ್' ಎಂಬ ಪುಟ್ಟ ಕಂಪನಿಯಿಂದ, 2019ರಲ್ಲಿ 'ಮೂನ್' ಅನ್ನು ನಿಂಟೆಂಡೊ ಸ್ವಿಚ್‌ಗೆ ಮತ್ತೆ ತಂದರು. 2020ರ ಆಗಸ್ಟ್ 27ರಂದು ಇಂಗ್ಲಿಷ್‌ನಲ್ಲೂ ಬಂತು. ಹುಟ್ಟಿ ಇಪ್ಪತ್ಮೂರು ವರ್ಷ ಆದ ಮೇಲೆ ಜಪಾನಿನ ಆಚೆಯ ಮಂದಿ ಅದನ್ನು ಓದಿ ಆಡುವಂತಾಯಿತು.

ಆ ದಿನಾಂಕ ನೋಡಿದಾಗ ನನಗೆ ಇನ್ನೊಂದು ನೆನಪಾಯಿತು. ಅದಾದ ಆರೇ ದಿನಕ್ಕೆ, ಸೆಪ್ಟೆಂಬರ್ 2ರಂದು, ನಮ್ಮ ದೇಶದಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್ ಆಯಿತು. ಒಟ್ಟು 118 ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಒಂದು. ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ, ಸಾರ್ವಭೌಮತೆ. ನಮ್ಮ ಊರುಗಳಲ್ಲಿ ಮಾತ್ರ ತಾಯಂದಿರು ತಮ್ಮ ಮೊರೆ ಯಾರಿಗೋ ಕೇಳಿಸಿತು ಅಂದುಕೊಂಡರು. ಹುಡುಗರು ಎರಡು ದಿನ ಮುಖ ಊದಿಸಿಕೊಂಡು ಮೂರನೇ ದಿನಕ್ಕೆ ಬೇರೆ ಆಟ ಹಾಕಿಕೊಂಡರು. ಅವ್ವನ ಕೂಗು ನಿಲ್ಲಲಿಲ್ಲ.

ನಾನು ಹೇಳುವುದಿಷ್ಟು

ಕೊಲ್ಲುವ ಆಟ ಆಡಿದವರೆಲ್ಲ ಕೆಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಹಾಗಾದರೆ ಬಯಲಾಟದಲ್ಲಿ ರಾಕ್ಷಸನ ತಲೆ ತೆಗೆದವರೆಲ್ಲ ಕೆಡಬೇಕಿತ್ತು. ಗೆಳೆಯರ ಜೊತೆ ಒಂದು ಮ್ಯಾಚ್ ಆಡಿ ನಗುವುದರಲ್ಲಿ ತಪ್ಪೇನಿಲ್ಲ. ಕೂಲಿ ಮುಗಿಸಿ ಬಂದವನಿಗೆ ಅದೇ ಬಿಡುವು.

'ಮೂನ್' ಎಲ್ಲರಿಗೂ ಹಿಡಿಸುತ್ತದೆ ಅಂತಲೂ ಹೇಳುವುದಿಲ್ಲ. ಅದು ನಿಧಾನದ ಆಟ. ಕಾಯಬೇಕು, ನಡೆಯಬೇಕು, ಏನು ಮಾಡಬೇಕೆಂದು ಯಾರೂ ಬಾಣದ ಗುರುತು ಹಾಕಿ ತೋರಿಸುವುದಿಲ್ಲ. ಎಷ್ಟೋ ಜನಕ್ಕೆ ಅರ್ಧ ಗಂಟೆಗೇ ಬೇಜಾರಾದೀತು. ಕನ್ನಡದಲ್ಲಿ ಅಂತೂ ಇಲ್ಲ, ಇಂಗ್ಲಿಷ್ ಓದಿಕೊಂಡೇ ಆಡಬೇಕು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಆಟ ಅಂದರೆ ಹೀಗೇ ಇರುತ್ತದೆ, ಹಿಡಿದರೆ ಬಿಡುವುದಿಲ್ಲ, ಅದರ ಗುಣವೇ ಅದು ಅಂತ ನಾವು ನಂಬಿಬಿಟ್ಟಿದ್ದೇವೆ. ಅದು ಸುಳ್ಳು. ಯಾರೋ ಕೂತು, ಯೋಚಿಸಿ, ಹಾಗೆ ಕಟ್ಟಿದ್ದಾರೆ. ಬೇರೆ ಥರ ಕಟ್ಟಬಹುದು ಅಂತ ಒಂದು ಪುಟ್ಟ ಕಂಪನಿ 1997ರಲ್ಲೇ ತೋರಿಸಿತ್ತು. ಕಂಪನಿ ಮುಚ್ಚಿತು ಅನ್ನುವುದರಿಂದ ಆ ಮಾತು ಸೋತಂತಾಗಲಿಲ್ಲ. ಅದೇ ಕಾಲದಲ್ಲಿ ಭರ್ಜರಿಯಾಗಿ ಮಾರಾಟವಾದ ಎಷ್ಟೋ ಆಟಗಳ ಹೆಸರು ಇವತ್ತು ಯಾರಿಗೂ ನೆನಪಿಲ್ಲ.

ಹಾಗಾಗಿ ಅಪ್ಪ ಅವ್ವಂದಿರಿಗೆ ನನ್ನ ಕೋರಿಕೆ, ಫೋನು ಕಿತ್ತುಕೊಳ್ಳುವ ಮೊದಲು ಒಂದು ಸಂಜೆ ಮಗನ ಪಕ್ಕ ಕೂತು ಆ ಆಟ ನೋಡಿ. ಇದರಲ್ಲಿ ನೀನು ಏನಪ್ಪಾ ಮಾಡಬೇಕು, ಇದು ಯಾವಾಗ ಮುಗಿಯುತ್ತದೆ ಅಂತ ಕೇಳಿ. 'ಇದು ಮುಗಿಯೋದೇ ಇಲ್ಲ' ಅಂತ ಅವನ ಬಾಯಿಂದಲೇ ಬಂದರೆ, ಅರ್ಧ ಬುದ್ಧಿ ಅವನೇ ಹೇಳಿಕೊಂಡ ಹಾಗೆ.

ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ನೀವು ಗೇಮ್ ಮಾಡುವುದನ್ನು ಕಲಿಯಬಹುದು. ನಮ್ಮ ಕಡೆಯ ಹುಡುಗರು ಇಂಜಿನಿಯರಿಂಗ್, ಬಿಸಿಎ ಓದುತ್ತಿದ್ದಾರೆ, ಚಿತ್ರ ಬರೆಯುವವರಿದ್ದಾರೆ, ಮಣ್ಣಿನಲ್ಲಿ ಗೊಂಬೆ ಮಾಡುವ ಕೈಗಳಿವೆ. ಮುಂದೆ ನಿಮ್ಮಲ್ಲಿ ಯಾರಾದರೂ ಒಂದು ಆಟ ಕಟ್ಟಿದರೆ, ಆಡುವವನ ಮನೆಯಲ್ಲೂ ಒಬ್ಬಳು ಅವ್ವ ಸಾರು ಬಿಸಿ ಮಾಡಿಕೊಂಡು ಕಾಯುತ್ತಿದ್ದಾಳೆ ಅನ್ನುವುದು ನೆನಪಿರಲಿ.

ಅಲ್ಲಿಯವರೆಗೆ, ಇವತ್ತು ರಾತ್ರಿ ಮ್ಯಾಚ್ ಮುಗಿದು 'ಮತ್ತೊಮ್ಮೆ ಆಡಬೇಕೇ' ಅಂತ ಪರದೆ ಕೇಳಿದಾಗ ಒಂದೇ ಒಂದು ಸಲ 'ಬೇಡ' ಒತ್ತಿ ನೋಡಿ. ಬಾಗಿಲು ಅಲ್ಲೇ ಇದೆ. ಒಳಗೆ ಊಟಕ್ಕೆ ಕರೆಯುತ್ತಿದ್ದಾರೆ.